ಟಿಕೆಟ್ ಅಗ್ಗ, ಲಗೇಜು ದುಬಾರಿ: ಹೊಸದಾಗಿ ವಿಮಾನ ಹತ್ತುವವರಿಗೆ ಬ್ಯಾಗು ಮತ್ತು ಸೀಟಿನ ಲೆಕ್ಕ

ಟಿಕೆಟ್ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಾಣುವ ಕಡಿಮೆ ದರ ಸುಳ್ಳೇನಲ್ಲ, ಆದರೆ ಅಷ್ಟರಲ್ಲೇ ಮುಗಿಯುವುದೂ ಇಲ್ಲ. ಒಬ್ಬ ಮನುಷ್ಯ ಒಂದು ಸಣ್ಣ ಚೀಲ ಹಿಡಿದು, ಎಲ್ಲಿ ಕೂರಿಸಿದರೆ ಅಲ್ಲಿ ಕೂತು ಹೋಗುವುದಕ್ಕೆ ಆಗುವ ಖರ್ಚು ಅದು. ಪೆಟ್ಟಿಗೆ ಬೇಕೆಂದರೆ ಬೇರೆ ದುಡ್ಡು, ಕಿಟಕಿ ಪಕ್ಕ ಬೇಕೆಂದರೆ ಬೇರೆ, ಜೊತೆಯವರ ಪಕ್ಕದಲ್ಲೇ ಕೂರಬೇಕೆಂದರೂ ಎಷ್ಟೋ ಸಲ ಬೇರೆ. ಬಸ್ಸು, ರೈಲಿನ ರೂಢಿಯಲ್ಲಿ ಬಂದವರಿಗೆ ಇದು ವಿಮಾನ ನಿಲ್ದಾಣದ ಕೌಂಟರಿನಲ್ಲೇ ಮೊದಲ ಸಲ ಗೊತ್ತಾಗುವುದು. ಗೊತ್ತಾಗುವುದಕ್ಕೆ ಅದಕ್ಕಿಂತ ದುಬಾರಿಯಾದ ಜಾಗ ಒಂದೇ ಇದೆ, ವಿಮಾನದ ಗೇಟು.

ಈ ಶುಲ್ಕಗಳ ಒಳಗುಟ್ಟು ಇಷ್ಟೇ: ಚೀಲ ಅದೇ, ಸೀಟು ಅದೇ, ಯಾವಾಗ ಕೇಳಿದಿರಿ ಎನ್ನುವುದರ ಮೇಲೆ ಬೆಲೆ. ಟಿಕೆಟ್ ಕೊಳ್ಳುವಾಗಲೇ ಲಗೇಜು ಸೇರಿಸಿದರೆ ಸಾಮಾನ್ಯವಾಗಿ ಅತಿ ಕಡಿಮೆ. ಆಮೇಲೆ ಕಂಪನಿಯ ವೆಬ್‌ಸೈಟಿಗೆ ಹೋಗಿ ಸೇರಿಸಿದರೆ ಅಷ್ಟೇ ಅಥವಾ ಸ್ವಲ್ಪ ಜಾಸ್ತಿ. ಕೌಂಟರಿನಲ್ಲಿ ಕೇಳಿದರೆ ಇನ್ನೂ ಜಾಸ್ತಿ. ಗೇಟಿನಲ್ಲಿ ಸಿಕ್ಕಿಬಿದ್ದರೆ ಕೆಲವು ಸಲ ಟಿಕೆಟ್ಟಿಗಿಂತ ಬ್ಯಾಗಿನ ಶುಲ್ಕವೇ ಹೆಚ್ಚಾಗುತ್ತದೆ. ಆದ್ದರಿಂದ ದುಡ್ಡು ಉಳಿಸುವ ಕೆಲಸವೆಲ್ಲ ನಡೆಯುವುದು ಮನೆಯಲ್ಲಿ, ಪಾವತಿ ಗುಂಡಿ ಒತ್ತುವ ಮೊದಲು.

ಇದೆಲ್ಲ ಮೊದಲಿಂದ ಹೀಗಿರಲಿಲ್ಲ. 2008ರಲ್ಲಿ ಇಂಧನ ದುಬಾರಿಯಾದಾಗ ಅಮೆರಿಕನ್ ಏರ್‌ಲೈನ್ಸ್ ಕೌಂಟರಿನಲ್ಲಿ ಕೊಟ್ಟು ಕಳಿಸುವ ಮೊದಲ ಚೆಕ್-ಇನ್ ಬ್ಯಾಗಿಗೂ ದುಡ್ಡು ಕೇಳಲು ಶುರುಮಾಡಿತು, ಬೇರೆ ಹಲವು ದೊಡ್ಡ ಕಂಪನಿಗಳೂ ಅದೇ ದಾರಿ ಹಿಡಿದವು. 2010ರಲ್ಲಿ ಸ್ಪಿರಿಟ್ ಏರ್‌ಲೈನ್ಸ್ ತಲೆ ಮೇಲಿನ ಸಾಮಾನಿನ ಗೂಡಿನಲ್ಲಿ, ಅಂದರೆ ಬಿನ್ನಿನಲ್ಲಿಡುವ ಕೈಚೀಲಕ್ಕೂ ಶುಲ್ಕ ಹಾಕಿತು. ಇಂಧನ ಆಮೇಲೆ ಅಗ್ಗವಾಯಿತು, ಶುಲ್ಕ ಮಾತ್ರ ಹೋಗಲಿಲ್ಲ. ದರ ಹೋಲಿಸುವ ಸೈಟುಗಳಲ್ಲಿ ಕಡಿಮೆ ದರದವರು ಮೇಲೆ ಕಾಣುತ್ತಾರೆ. ಹಾಗಾಗಿ ಟಿಕೆಟ್ಟಿನಿಂದ ಏನೇನು ಕಳಚಿ ಬೇರೆ ಮಾರಬಹುದೋ ಅದನ್ನೆಲ್ಲ ಕಳಚಿಡುವುದು ಕಂಪನಿಗಳಿಗೆ ಲಾಭ.

ಮೂರು ಬಗೆಯ ಚೀಲ

ಮೊದಲನೆಯದು ಮುಂದಿನ ಸೀಟಿನ ಕೆಳಗೆ ಹೋಗುವ ಸಣ್ಣ ಚೀಲ. ಲ್ಯಾಪ್‌ಟಾಪ್ ಬ್ಯಾಗು, ಹೆಗಲಚೀಲ, ಪುಟ್ಟ ಬ್ಯಾಕ್‌ಪ್ಯಾಕು ಈ ಗುಂಪಿಗೆ ಸೇರುತ್ತವೆ. ಸುಮಾರು 40×30×20 ಸೆಂಟಿಮೀಟರ್ ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ. ಇದು ಹೆಚ್ಚುಕಡಿಮೆ ಎಲ್ಲ ಕಡೆಯೂ ಉಚಿತ. ಎರಡನೆಯದು ತಲೆ ಮೇಲಿನ ಬಿನ್ನಿಗೆ ಹೋಗುವ ಕ್ಯಾಬಿನ್ ಬ್ಯಾಗು. ಉದ್ದ 55 ಸೆಂಟಿಮೀಟರ್, ಅಗಲ 35ರಿಂದ 40, ದಪ್ಪ 20ರಿಂದ 25, ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿರುತ್ತದೆ. ಇದು ಕೆಲವರಲ್ಲಿ ಉಚಿತ, ಅಗ್ಗದ ದರದ ಟಿಕೆಟ್ಟುಗಳಲ್ಲಿ ಹಲವು ಸಲ ಅಲ್ಲ. ಮೂರನೆಯದು ಕೌಂಟರಿನಲ್ಲಿ ಕೊಟ್ಟು, ಇಳಿದ ಮೇಲೆ ಬೆಲ್ಟಿನಿಂದ ತೆಗೆದುಕೊಳ್ಳುವ ಚೆಕ್-ಇನ್ ಬ್ಯಾಗು.

ಜನ ಹೆಚ್ಚಾಗಿ ಎಡವುವುದು ಎರಡನೆಯದರಲ್ಲಿ. ಅಂಗಡಿಯಲ್ಲಿ ‘ಕ್ಯಾಬಿನ್ ಸೈಜ್’ ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಅದು ನಿಮ್ಮ ಕಂಪನಿಯ ಅಳತೆಗೆ ಹೊಂದುತ್ತದೆಂದು ಅರ್ಥವಲ್ಲ. ತಯಾರಕರು ಎಷ್ಟೋ ಸಲ ಪೆಟ್ಟಿಗೆಯ ಮೈಯನ್ನಷ್ಟೇ ಅಳೆದು 55 ಎಂದು ಬರೆದಿರುತ್ತಾರೆ. ಗಾಲಿ, ಹಿಡಿ, ಹೊರಗಿನ ಜೇಬು ಎಲ್ಲವನ್ನೂ ಸೇರಿಸಿ ಅಳೆಯುವುದು ವಿಮಾನ ಕಂಪನಿಯ ಪದ್ಧತಿ. ಗೇಟಿನ ಹತ್ತಿರ ಇಟ್ಟಿರುವ ಲೋಹದ ಚೌಕಟ್ಟಿನಲ್ಲಿ ಬ್ಯಾಗು ಒತ್ತದೆ ಇಳಿಯಬೇಕು, ಸಲೀಸಾಗಿ ಹೊರಗೂ ಬರಬೇಕು. ಗಟ್ಟಿ ಪೆಟ್ಟಿಗೆ ಒಂದು ಸೆಂಟಿಮೀಟರ್ ಹೆಚ್ಚಿದ್ದರೂ ಅಲ್ಲೇ ನಿಲ್ಲುತ್ತದೆ; ಬಟ್ಟೆಯ ಬ್ಯಾಗಾದರೆ ಸ್ವಲ್ಪ ಮಣಿಯುತ್ತದೆ.

ತೂಕದ ಮಾತೂ ಹಾಗೆಯೇ. ಕೈಚೀಲಕ್ಕೆ 7 ಕಿಲೋ ಮಿತಿ ಹಾಕುವ ಕಂಪನಿಗಳು ತುಂಬ ಇವೆ. ಗಾಲಿಯಿರುವ ಟ್ರಾಲಿ ಖಾಲಿಯಿದ್ದಾಗಲೇ ಎರಡೂವರೆಯಿಂದ ಮೂರು ಕಿಲೋ ತೂಗುತ್ತದೆ, ಅಂದರೆ ಮಿತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಲ್ಲೇ ಖರ್ಚು. ಒಂದು ಕಿಲೋ ತೂಗುವ ಬ್ಯಾಕ್‌ಪ್ಯಾಕಿನಲ್ಲಿ ಅದೇ 7 ಕಿಲೋ ಮಿತಿಗೆ ಆರು ಕಿಲೋ ಸಾಮಾನು ಹಿಡಿಯುತ್ತದೆ. ಇನ್ನೊಂದು ವಿಷಯವನ್ನು ನಿಯಮದ ಪುಟದಲ್ಲಿ ಖಂಡಿತ ಹುಡುಕಿ: ಆ 7 ಕಿಲೋ ಕ್ಯಾಬಿನ್ ಬ್ಯಾಗಿಗೆ ಮಾತ್ರವೋ, ಸಣ್ಣ ಚೀಲವನ್ನೂ ಸೇರಿಸಿಯೋ? ಕೆಲವರು ಎರಡನ್ನೂ ತಕ್ಕಡಿಯ ಮೇಲೆ ಒಟ್ಟಿಗೇ ಇಡಿಸುತ್ತಾರೆ.

ಬಿನ್ನುಗಳು ತುಂಬಿದಾಗ ಕೊನೆಯಲ್ಲಿ ಹತ್ತುವವರ ಕೈಚೀಲವನ್ನು ಸಿಬ್ಬಂದಿಯೇ ತೆಗೆದುಕೊಂಡು ವಿಮಾನದ ಹೊಟ್ಟೆಗೆ ಹಾಕುವುದುಂಟು. ಬ್ಯಾಗು ಅಳತೆಯೊಳಗೇ ಇದ್ದರೆ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅಳತೆ ಮೀರಿದ್ದಕ್ಕೆ ಹಾಕುವ ಶುಲ್ಕ ಬೇರೆ, ಇದು ಬೇರೆ. ಆದರೆ ಕೊಡುವ ಮುಂಚೆ ಪವರ್ ಬ್ಯಾಂಕು, ಬಿಡಿ ಬ್ಯಾಟರಿ, ಔಷಧಿ, ಪಾಸ್‌ಪೋರ್ಟು, ಒಡವೆ, ಲ್ಯಾಪ್‌ಟಾಪು ಹೊರತೆಗೆಯಿರಿ. ಪವರ್ ಬ್ಯಾಂಕ್ ವಿಮಾನದ ಹೊಟ್ಟೆಯಲ್ಲಿ ಹೋಗುವಂತೆಯೇ ಇಲ್ಲ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿಕೊಂಡರೆ ಕ್ಯಾಬಿನ್ನಿನಲ್ಲಿ ಯಾರಾದರೂ ನೋಡಿ ಆರಿಸಬಹುದು, ಕೆಳಗೆ ನೋಡುವವರಿಲ್ಲ. ಕ್ಯಾಬಿನ್ನಿನಲ್ಲೂ ಮಿತಿ 100 ವಾಟ್-ಅವರ್ (ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ). 100ರಿಂದ 160ರವರೆಗೆ ಕಂಪನಿಯ ಒಪ್ಪಿಗೆ ಬೇಕು, ಅದಕ್ಕೂ ಮೇಲೆ ಬಿಡುವುದಿಲ್ಲ. ಪವರ್ ಬ್ಯಾಂಕಿನ ಮೇಲೆ ಎಂಎಎಚ್ (mAh) ಮಾತ್ರ ಬರೆದಿದ್ದರೆ ಅದನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 20,000 ಎಂಎಎಚ್ ಅಂದರೆ 74 ವಾಟ್-ಅವರ್, ತೊಂದರೆಯಿಲ್ಲ.

ಚೆಕ್-ಇನ್ ಶುಲ್ಕ ಉಳಿಸಲೆಂದು ಕೈಚೀಲದಲ್ಲೇ ಎಲ್ಲ ತುರುಕುವವರಿಗೆ ಇನ್ನೊಂದು ಗೇಟು ಕಾದಿರುತ್ತದೆ: ಭದ್ರತಾ ತಪಾಸಣೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ದ್ರವ, ಕ್ರೀಮು, ಪೇಸ್ಟು ಯಾವುದೇ ಆಗಲಿ 100 ಮಿಲಿಲೀಟರಿನ ಒಳಗಿನ ಡಬ್ಬಿಯಲ್ಲಿರಬೇಕು, ಅವೆಲ್ಲ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಲೆಕ್ಕಕ್ಕೆ ಬರುವುದು ಡಬ್ಬಿಯ ಅಳತೆ, ಒಳಗೆ ಉಳಿದಿರುವುದಲ್ಲ. 200 ಮಿಲಿಲೀಟರಿನ ಶಾಂಪೂ ಬಾಟಲಿಯ ತಳದಲ್ಲಿ ಎರಡು ಚಮಚ ಇದ್ದರೂ ಅದು ಕಸದ ಬುಟ್ಟಿಗೆ. ಹೊಸ ಸ್ಕ್ಯಾನರ್ ಬಂದಿರುವ ಕೆಲವು ನಿಲ್ದಾಣಗಳು ಈ ನಿಯಮ ಸಡಿಲಿಸಿವೆ, ನಿಜ. ಆದರೆ ನೀವು ವಾಪಸು ಹೊರಡುವ ನಿಲ್ದಾಣವೂ ಸಡಿಲಿಸಿರಬೇಕಲ್ಲ.

ಟಿಕೆಟ್ಟಿನಲ್ಲಿ ಬರೆದಿರುವುದನ್ನು ಓದುವುದು

ಇ-ಟಿಕೆಟ್ಟಿನಲ್ಲಿ ಬ್ಯಾಗೇಜ್ ಎಂಬ ಕಡೆ ‘1 ಪಿಸಿ’, ‘2 ಪಿಸಿ’, ‘30 ಕೆಜಿ’, ‘0 ಪಿಸಿ’ ಅಂತೇನಾದರೂ ಇರುತ್ತದೆ. ಈ ಎರಡಕ್ಷರದಲ್ಲಿ ತುಂಬ ವಿಷಯವಿದೆ.

ಕೆಜಿ ಎಂದಿದ್ದರೆ ಅದು ತೂಕದ ಪದ್ಧತಿ. 30 ಕಿಲೋವನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿದರೂ ಸರಿ, ಎರಡರಲ್ಲಿ ಹಂಚಿದರೂ ಸಾಮಾನ್ಯವಾಗಿ ಸರಿ. ಆದರೆ ಕೆಲವು ಕಡಿಮೆ ದರದ ಕಂಪನಿಗಳು ತೂಕದ ಜೊತೆಗೆ ಬ್ಯಾಗಿನ ಸಂಖ್ಯೆಗೂ ಮಿತಿ ಹಾಕುತ್ತವೆ. ಒಂದೇ ಪಿಎನ್‌ಆರ್‌ನಲ್ಲಿ (ಒಂದೇ ಬುಕಿಂಗ್ ಸಂಖ್ಯೆಯಲ್ಲಿ) ಹೋಗುವ ಇಬ್ಬರ ತೂಕವನ್ನು ಒಟ್ಟು ಮಾಡಿ ನೋಡುವವರೂ ಇದ್ದಾರೆ: ಒಬ್ಬರದು 34, ಇನ್ನೊಬ್ಬರದು 25 ಆದರೂ 60ರೊಳಗೆ ಬಂತಲ್ಲ ಎಂದು ಬಿಡುತ್ತಾರೆ, ಆದರೆ 34ರ ಪೆಟ್ಟಿಗೆಯಿಂದ ಎರಡು ಕಿಲೋ ಆಚೆಗೆ ಹಾಕಲೇಬೇಕು. ಯಾಕೆಂದರೆ ಬಹುತೇಕ ಕಂಪನಿಗಳಲ್ಲಿ ಯಾವ ಪೆಟ್ಟಿಗೆಯೂ 32 ಕಿಲೋ ದಾಟುವಂತಿಲ್ಲ. ಅದು ದುಡ್ಡಿನ ನಿಯಮವಲ್ಲ, ಎತ್ತಿ ಹಾಕುವ ಕೆಲಸಗಾರರ ಬೆನ್ನಿನ ನಿಯಮ. ಹೆಚ್ಚು ಕೊಡುತ್ತೇನೆಂದರೂ ನಡೆಯುವುದಿಲ್ಲ.

ಪಿಸಿ, ಅಂದರೆ ಪೀಸ್ ಎಂದಿದ್ದರೆ ಅದು ಪೆಟ್ಟಿಗೆ ಎಣಿಸುವ ಲೆಕ್ಕ. ಎಷ್ಟು ಪೆಟ್ಟಿಗೆ ಎನ್ನುವುದು ಮುಖ್ಯ, ಪ್ರತಿ ಪೆಟ್ಟಿಗೆಗೂ ತನ್ನದೇ ಮಿತಿ. ಎಕಾನಮಿಯಲ್ಲಿ ಅದು ಬಹುತೇಕ 23 ಕಿಲೋ, ಮತ್ತು ಉದ್ದ, ಅಗಲ, ಎತ್ತರ ಮೂರೂ ಕೂಡಿ 158 ಸೆಂಟಿಮೀಟರ್. ಇಲ್ಲಿ ಹಂಚಿಕೊಳ್ಳುವ ಮಾತಿಲ್ಲ. ಒಂದರಲ್ಲಿ 26, ಇನ್ನೊಂದರಲ್ಲಿ 18 ಇದ್ದರೆ ಒಟ್ಟು 44 ಆಯಿತಲ್ಲ, ಎರಡಕ್ಕೂ ಸೇರಿ 46 ಇದೆಯಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ. 26ರ ಪೆಟ್ಟಿಗೆಗೆ ಹೆಚ್ಚುವರಿ ತೂಕದ ಶುಲ್ಕ ಬೀಳುತ್ತದೆ. ಕೌಂಟರಿನ ಮುಂದೆ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಸೀರೆ, ಪುಸ್ತಕ ಅತ್ತಿಂದಿತ್ತ ಹಾಕುತ್ತಿರುವವರು ಕಂಡರೆ, ಕಾರಣ ಇದೇ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಬದಿಗೆ ಸರಿದು ಹಾಗೆ ಮಾಡುವುದೇ ಜಾಣತನ.

‘0 ಪಿಸಿ’ ಅಂದರೆ ಚೆಕ್-ಇನ್ ಲಗೇಜು ಇಲ್ಲವೇ ಇಲ್ಲ. ಲೈಟ್, ಬೇಸಿಕ್, ಸೇವರ್ ಮುಂತಾದ ಹೆಸರಿನ ದರಗಳಲ್ಲಿ ಇದು ಸಾಮಾನ್ಯ. ದೊಡ್ಡ ಹೆಸರಿನ ಕಂಪನಿಯಾದರೆ ಲಗೇಜು ಸೇರಿಯೇ ಇರುತ್ತದೆ ಎಂಬ ನಂಬಿಕೆ ಈಗ ಹಳೆಯದಾಯಿತು.

ಬ್ಯಾಗಿನ ವಿಷಯದಲ್ಲಿ ಶುಲ್ಕ ಮೂರು ದಾರಿಯಲ್ಲಿ ಬರುತ್ತದೆ: ಸಂಖ್ಯೆ ಹೆಚ್ಚಾದದ್ದಕ್ಕೆ, ತೂಕ ಹೆಚ್ಚಾದದ್ದಕ್ಕೆ, ಗಾತ್ರ ಹೆಚ್ಚಾದದ್ದಕ್ಕೆ. ಕೆಲವು ಕಂಪನಿಗಳಲ್ಲಿ ಇವು ಒಂದರ ಮೇಲೊಂದು ಕೂಡುತ್ತವೆ. ಸಂಖ್ಯೆಯ ಮಿತಿ ಮೀರಿದ, 28 ಕಿಲೋ ತೂಗುವ, 170 ಸೆಂಟಿಮೀಟರಿನ ಒಂದೇ ಪೆಟ್ಟಿಗೆಗೆ ಮೂರು ಶುಲ್ಕವೂ ಬೀಳಬಹುದು. ಆದ್ದರಿಂದ ಸಾಮಾನು ಹೆಚ್ಚಿದ್ದರೆ ಒಂದನ್ನೇ ಭಾರ ಮಾಡುವುದಕ್ಕಿಂತ ಮುಂಚೆಯೇ ಇನ್ನೊಂದು ಬ್ಯಾಗು ಕೊಳ್ಳುವುದು ಅಗ್ಗವೋ ಎಂದು ನೋಡಿ. ಪೆಟ್ಟಿಗೆ ಎಣಿಸುವ ಲೆಕ್ಕವಿರುವಲ್ಲಿ ಹಲವು ಸಲ ಹಾಗೇ ಇರುತ್ತದೆ. ತೂಕದ ಪದ್ಧತಿಯಲ್ಲಾದರೆ ವೆಬ್‌ಸೈಟಿನಲ್ಲಿ 5, 10 ಕಿಲೋಗಳ ಕಟ್ಟಾಗಿ ಮೊದಲೇ ಕೊಳ್ಳಬಹುದು. ಕೌಂಟರಿನ ಕಿಲೋ ಲೆಕ್ಕದ ದರಕ್ಕೆ ಹೋಲಿಸಿದರೆ ಅದು ಎಷ್ಟೋ ವಾಸಿ.

ಮನೆಯಲ್ಲಿ ತೂಗದೆ ಹೊರಡಬೇಡಿ. ಕೊಕ್ಕೆಯಿರುವ ಪುಟ್ಟ ಲಗೇಜು ತಕ್ಕಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮನುಷ್ಯರು ನಿಂತು ತೂಕ ನೋಡುವ ಯಂತ್ರದ ಮೇಲೆ ಪೆಟ್ಟಿಗೆ ಹಿಡಿದು ಒಮ್ಮೆ, ಬರಿಗೈಯಲ್ಲಿ ಒಮ್ಮೆ ನಿಂತು ಕಳೆಯಿರಿ. ಮಿತಿಗಿಂತ ಒಂದು ಕಿಲೋ ಕಡಿಮೆಯೇ ಇರಲಿ, ಎರಡು ತಕ್ಕಡಿ ಒಂದೇ ಲೆಕ್ಕ ತೋರಿಸುವುದಿಲ್ಲ. ವಾಪಸು ಬರುವಾಗ ಸಾಮಾನು ಹೆಚ್ಚುವುದು ಗ್ಯಾರಂಟಿ, ಆ ದಿಕ್ಕಿನ ಲಗೇಜನ್ನು ಬೇರೆಯಾಗಿಯೇ ಯೋಚಿಸಿ. ಹೋಗುವಾಗ ಕೊಂಡ ಹೆಚ್ಚುವರಿ ತೂಕ ಬರುವಾಗಿನ ವಿಮಾನಕ್ಕೆ ತಾನಾಗಿ ಅನ್ವಯಿಸುವುದಿಲ್ಲ.

ಎಳೆಗೂಸಿನ ಗಾಡಿ, ಗಾಲಿಕುರ್ಚಿ, ಊರುಗೋಲುಗಳಿಗೆ ಸಾಮಾನ್ಯವಾಗಿ ದುಡ್ಡಿಲ್ಲ. ಎರಡು ವರ್ಷದೊಳಗಿನ ಮಗು ತೊಡೆಯ ಮೇಲೆ ಕೂತು ಹೋಗಬಹುದು, ಆದರೆ ಅದಕ್ಕೆ ಲಗೇಜು ಇದೆಯೋ ಇಲ್ಲವೋ ಎಂಬುದು ಕಂಪನಿಯ ಮರ್ಜಿ. ಪ್ರಯಾಣದ ನಡುವೆ ಮಗುವಿಗೆ ಎರಡು ತುಂಬಿದರೆ ವಾಪಸು ಬರುವಾಗ ಸೀಟು ಕೊಳ್ಳಬೇಕಾಗುತ್ತದೆ, ಟಿಕೆಟ್ ಮಾಡುವಾಗಲೇ ಜನ್ಮದಿನಾಂಕ ನೋಡಿಕೊಳ್ಳಿ.

ಎರಡು ವಿಮಾನ ಬದಲಿಸುವಾಗ

ಒಂದೇ ಟಿಕೆಟ್ಟಿನಲ್ಲಿ ಎರಡು ಕಂಪನಿಗಳ ವಿಮಾನಗಳಿದ್ದರೆ ಚೆಕ್-ಇನ್ ಲಗೇಜಿಗೆ ಸಾಮಾನ್ಯವಾಗಿ ಒಂದೇ ಕಂಪನಿಯ ನಿಯಮ ಇಡೀ ದಾರಿಗೆ ನಡೆಯುತ್ತದೆ. ಅದೇ ಇ-ಟಿಕೆಟ್ಟಿನಲ್ಲಿ ಅಚ್ಚಾಗಿರುವುದು. ಕೈಚೀಲಕ್ಕೆ ಮಾತ್ರ ಆಯಾ ವಿಮಾನ ಓಡಿಸುವವರ ನಿಯಮ. ಮೊದಲ ವಿಮಾನದಲ್ಲಿ 10 ಕಿಲೋ ಬಿಟ್ಟರು ಎಂದು ಎರಡನೆಯದರಲ್ಲೂ ಬಿಡಬೇಕಿಲ್ಲ.

ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿಕೊಂಡು ಹೋಗುವುದು ಇನ್ನೊಂದು ಕಥೆ. ಅಗ್ಗವೆಂದು ಕೆಲವು ಬುಕಿಂಗ್ ಸೈಟುಗಳೇ ಹೀಗೆ ಜೋಡಿಸಿ ಮಾರುತ್ತವೆ. ಆಗ ಮಧ್ಯದ ನಿಲ್ದಾಣದಲ್ಲಿ ನೀವೇ ಹೊರಗೆ ಬಂದು, ಬೆಲ್ಟಿನಿಂದ ಬ್ಯಾಗು ಎತ್ತಿಕೊಂಡು, ಮತ್ತೆ ಚೆಕ್-ಇನ್ ಮಾಡಬೇಕು. ಲಗೇಜಿನ ದುಡ್ಡು ಎರಡು ಸಲ. ಬೇರೆ ದೇಶವಾದರೆ ಹೊರಗೆ ಬರುವುದಕ್ಕೆ ವೀಸಾ ಬೇಕಾಗಬಹುದು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿಗೆ ಅದರ ಹೊಣೆಯಿಲ್ಲ. ಟಿಕೆಟ್ಟಿನ ಅಗ್ಗದಲ್ಲಿ ಇದನ್ನೆಲ್ಲ ಕಳೆದು ನೋಡಿದರೆ ಉಳಿಯುವುದು ಬಹಳ ಸಲ ಏನೂ ಇಲ್ಲ.

ಕೌಂಟರಿನಲ್ಲಿ ಬ್ಯಾಗಿಗೆ ಪಟ್ಟಿ ಅಂಟಿಸುವಾಗ ಅದರ ಮೇಲೆ ದೊಡ್ಡದಾಗಿರುವ ಮೂರಕ್ಷರದ ನಿಲ್ದಾಣದ ಸಂಕೇತ ನೋಡಿ. ಕೊನೆಯ ನಿಲ್ದಾಣದ್ದಿದ್ದರೆ ಬ್ಯಾಗು ಅಲ್ಲಿವರೆಗೂ ಹೋಗುತ್ತದೆ, ಮಧ್ಯದ್ದಿದ್ದರೆ ಅಲ್ಲಿ ನೀವು ಎತ್ತಿಕೊಳ್ಳಬೇಕು. ಅಮೆರಿಕಕ್ಕೆ ಹೋಗುವವರು ಮಾತ್ರ, ಪಟ್ಟಿಯಲ್ಲಿ ಕೊನೆಯ ಊರೇ ಇದ್ದರೂ, ಸಾಮಾನ್ಯವಾಗಿ ಆ ದೇಶದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ ಬ್ಯಾಗು ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು.

ಬೇರೆ ಸೈಟಿನಲ್ಲೋ ಏಜೆಂಟರ ಬಳಿಯೋ ಟಿಕೆಟ್ ಮಾಡಿಸಿ ಅಲ್ಲೇ ಲಗೇಜೂ ಕೊಂಡಿದ್ದರೆ, ಪಿಎನ್‌ಆರ್ ಹಾಕಿ ವಿಮಾನ ಕಂಪನಿಯ ಸ್ವಂತ ಸೈಟಿನಲ್ಲಿ ಅದು ಕಾಣುತ್ತದೆಯೇ ಎಂದು ಅವತ್ತೇ ನೋಡಿ. ಅಲ್ಲಿ ಕಾಣದಿದ್ದರೆ ಕೌಂಟರಿನವರ ಪಾಲಿಗೆ ಅದು ಇಲ್ಲ.

ಸೀಟಿನ ದುಡ್ಡು

ಮೊದಲು ಒಂದು ನೆಮ್ಮದಿಯ ಮಾತು: ಸೀಟು ಆರಿಸದಿದ್ದರೂ ಸೀಟು ಸಿಗುತ್ತದೆ. ಟಿಕೆಟ್ ಮಾಡುವಾಗ ಬಣ್ಣಬಣ್ಣದ ಸೀಟುಗಳ ನಕ್ಷೆ ಬಂದು, ಒಂದೊಂದರ ಮೇಲೂ ಬೆಲೆ ಇರುತ್ತದೆ. ಹೊಸಬರು ಇದು ಕಡ್ಡಾಯ ಎಂದುಕೊಂಡು ಯಾವುದೋ ಒಂದನ್ನು ಒತ್ತಿಬಿಡುತ್ತಾರೆ. ‘ಸ್ಕಿಪ್’ ಎಂಬ ಗುಂಡಿ ಪುಟದ ಯಾವುದೋ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ, ಹುಡುಕಿ ಒತ್ತಿ.

ಒತ್ತಿದರೆ ಏನಾಗುತ್ತದೆ? ವೆಬ್ ಚೆಕ್-ಇನ್, ಅಂದರೆ ಹೊರಡುವ ಮುಂಚೆ ಆನ್‌ಲೈನಿನಲ್ಲೇ ಬೋರ್ಡಿಂಗ್ ಪಾಸು ಪಡೆಯುವ ಸಮಯದಲ್ಲಿ ಕಂಪ್ಯೂಟರು ಉಳಿದ ಸೀಟುಗಳಲ್ಲಿ ಒಂದನ್ನು ಕೊಡುತ್ತದೆ. ದುಡ್ಡು ಕೊಟ್ಟವರು ಕಿಟಕಿ, ಓಡಾಡುವ ದಾರಿಯ ಪಕ್ಕದವನ್ನು ಹಿಡಿದಿರುವುದರಿಂದ ಬಹುಮಟ್ಟಿಗೆ ಮಧ್ಯದ ಸೀಟೇ ಗತಿ. ಒಂದೇ ದಾರಿಯಿರುವ, ಮೂರು-ಮೂರು ಸೀಟಿನ ವಿಮಾನದಲ್ಲಿ ಎ ಮತ್ತು ಎಫ್ ಕಿಟಕಿ, ಸಿ ಮತ್ತು ಡಿ ದಾರಿಯ ಪಕ್ಕ, ಬಿ ಮತ್ತು ಇ ಮಧ್ಯ. ಒಂದು ಗಂಟೆಯ ಹಾರಾಟಕ್ಕೆ ಒಬ್ಬರೇ ಹೋಗುವವರು ಸೀಟಿಗೆ ದುಡ್ಡು ಕೊಡುವುದು ನನಗಂತೂ ದಂಡ ಎನ್ನಿಸುತ್ತದೆ. ಎಂಟು ಹತ್ತು ಗಂಟೆ ಕೂರುವವರು, ಮಂಡಿ ನೋವಿರುವವರು, ಪದೇ ಪದೇ ಏಳಬೇಕಾದವರು ದಾರಿಯ ಪಕ್ಕದ ಸೀಟಿಗೆ ಕೊಟ್ಟರೆ ಅದು ಸಾರ್ಥಕ ಖರ್ಚು.

ವೆಬ್ ಚೆಕ್-ಇನ್ ಸಾಮಾನ್ಯವಾಗಿ 48 ಅಥವಾ 24 ಗಂಟೆ ಮುಂಚೆ ತೆರೆಯುತ್ತದೆ. ತೆರೆದ ಕೂಡಲೇ ಮಾಡಿ. ಉಚಿತ ಸೀಟು ಬಿಡುವ ಕಂಪನಿಗಳಲ್ಲಿ ಆಯ್ಕೆ ಇರುವುದು ಆಗಲೇ. ತಡಮಾಡಿದರೆ ಒಳ್ಳೆಯ ಸೀಟುಗಳು ಉಳಿದು ನಮಗೆ ಬರುತ್ತವೆ ಎಂಬ ಉಪಾಯ ಕೆಲವರು ಹೇಳುತ್ತಾರೆ. ಇರುವುದಕ್ಕಿಂತ ಹೆಚ್ಚು ಟಿಕೆಟ್ ಮಾರಿರುವ ದಿನ ಆ ಉಪಾಯ ಮಾಡಿದವರು ವಿಮಾನದಿಂದಲೇ ಹೊರಗುಳಿಯುವ ಅಪಾಯವಿದೆ. ಕೆಲವು ಅಗ್ಗದ ಕಂಪನಿಗಳು ಆನ್‌ಲೈನಿನಲ್ಲಿ ಮಾಡದೆ ಕೌಂಟರಿನಲ್ಲಿ ಚೆಕ್-ಇನ್ ಮಾಡಿಸಿದರೆ ಅದಕ್ಕೂ ಶುಲ್ಕ ಹಾಕುತ್ತವೆ.

ಸೀಟಿನ ಬೆಲೆ ಒಬ್ಬೊಬ್ಬರಿಗೆ, ಒಂದೊಂದು ಹಾರಾಟಕ್ಕೆ. ಇದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಹೋಗುವಾಗ ಒಂದು ಕಡೆ, ಬರುವಾಗ ಒಂದು ಕಡೆ ವಿಮಾನ ಬದಲಿಸುವ ನಾಲ್ಕು ಜನರ ಕುಟುಂಬಕ್ಕೆ ಅದು ಹದಿನಾರು ಸೀಟುಗಳ ದುಡ್ಡು. ಹೀಗಿರುವಾಗ ಲಗೇಜು, ಸೀಟು ಎರಡೂ ಸೇರಿದ ಮೇಲಿನ ದರದ ಟಿಕೆಟ್ಟೇ ಅಗ್ಗವಾಗಬಹುದು. ಬಿಡಿಬಿಡಿಯಾಗಿ ಕೂಡಿಸಿ ಒಂದು ಮೊತ್ತ, ಮೇಲಿನ ದರದ್ದು ಒಂದು ಮೊತ್ತ, ಎರಡನ್ನೂ ಕಾಗದದ ಮೇಲೆ ಬರೆದು ನೋಡಿ.

ಮಕ್ಕಳಿದ್ದರೆ ಎಲ್ಲರ ಟಿಕೆಟ್ಟೂ ಒಂದೇ ಪಿಎನ್‌ಆರ್‌ನಲ್ಲಿರಲಿ. ಸಣ್ಣ ಮಕ್ಕಳನ್ನು ಒಬ್ಬ ಹಿರಿಯರ ಪಕ್ಕ ಉಚಿತವಾಗಿ ಕೂರಿಸುವ ಕಂಪನಿಗಳು ಹಲವಿವೆ, ಆದರೆ ಬೇರೆ ಬೇರೆ ಪಿಎನ್‌ಆರ್ ಇದ್ದರೆ ನೀವೆಲ್ಲ ಒಂದೇ ಮನೆಯವರೆಂದು ಕಂಪ್ಯೂಟರಿಗೆ ತಿಳಿಯುವ ಬಗೆಯೇ ಇಲ್ಲ. ವಿಮಾನದೊಳಗೆ ಹೋಗಿ ಬದಲಿಸಿಕೊಂಡರಾಯಿತು ಎಂದು ನೆಚ್ಚಿಕೊಳ್ಳಬೇಡಿ. ಕಿಟಕಿಗೆ ದುಡ್ಡು ಕೊಟ್ಟು ಕೂತವರನ್ನು ಮಧ್ಯದ ಸೀಟಿಗೆ ಹೋಗಿ ಎನ್ನುವುದು ನ್ಯಾಯವೂ ಅಲ್ಲ.

ಹೆಚ್ಚು ದುಡ್ಡಿನ ಸೀಟುಗಳಲ್ಲೂ ಕೊರತೆಗಳಿವೆ. ತುರ್ತು ಬಾಗಿಲಿನ ಸಾಲಿನಲ್ಲಿ ಕಾಲು ಚಾಚಲು ಜಾಗವಿದೆ, ಆದರೆ 15 ಅಥವಾ 16 ವರ್ಷ ದಾಟಿರಬೇಕು, ಬಾಗಿಲು ತೆಗೆಯುವಷ್ಟು ಶಕ್ತಿಯಿರಬೇಕು, ಸಿಬ್ಬಂದಿ ಹೇಳಿದ್ದು ಅರ್ಥವಾಗಬೇಕು. ಗರ್ಭಿಣಿಯರು, ಕಂಕುಳ ಕೂಸಿನವರು ಅಲ್ಲಿ ಕೂರುವಂತಿಲ್ಲ. ತಿಳಿಯದೆ ಕೊಂಡಿದ್ದರೆ ಎಬ್ಬಿಸಿ ಬೇರೆಡೆ ಕೂರಿಸುತ್ತಾರೆ, ದುಡ್ಡು ವಾಪಸು ಬರುವುದು ಅನುಮಾನ. ಗೋಡೆಯ ಹಿಂದಿನ ಮೊದಲ ಸಾಲಿನಲ್ಲಿ ಚೀಲ ಇಡಲು ಮುಂದೆ ಸೀಟೇ ಇಲ್ಲ. ಊಟದ ಮಣೆಯನ್ನು ಸೀಟಿನ ಕೈಯೊಳಗೆ (ಆರ್ಮ್‌ರೆಸ್ಟ್) ಮಡಚಿಟ್ಟಿರುವುದರಿಂದ ಸೀಟು ಸ್ವಲ್ಪ ಕಿರಿದೂ ಹೌದು. ಕೂಸಿನ ತೊಟ್ಟಿಲು ಹಾಕುವುದು ಅಲ್ಲೇ, ಅದು ಬೇಕಾದವರು ಮುಂಚೆಯೇ ಕಂಪನಿಗೆ ಹೇಳಿಡಬೇಕು. ತುರ್ತು ಬಾಗಿಲಿಗೆ ಮುಂಚಿನ ಸಾಲು, ಕೊನೆಯ ಸಾಲು ಇವುಗಳ ಸೀಟು ಹಿಂದಕ್ಕೆ ಒರಗದಿರುವುದೇ ಹೆಚ್ಚು. ಕಿಟಕಿ ಸೀಟೆಂದು ಕೊಂಡರೆ ಕೆಲವು ಸಾಲಿನಲ್ಲಿ ಬರೀ ಗೋಡೆ ಇರುವುದೂ ಉಂಟು.

ವಿಮಾನವೇ ಬದಲಾಗಿ ನೀವು ಕೊಂಡ ಸೀಟು ಸಿಗದಿದ್ದರೆ ಅದರ ದುಡ್ಡು ಕೇಳಿ ಪಡೆಯಿರಿ. ಬೋರ್ಡಿಂಗ್ ಪಾಸು, ರಸೀದಿ ಎರಡೂ ಇರಲಿ. ನೀವಾಗಿಯೇ ಟಿಕೆಟ್ ರದ್ದು ಮಾಡಿದರೆ ಮಾತ್ರ ಸೀಟು, ಲಗೇಜಿನ ಶುಲ್ಕ ಬಹುತೇಕ ಹೋದಂತೆಯೇ.

ಬ್ಯಾಗು ಬಾರದಿದ್ದರೆ

ಕೌಂಟರಿನಲ್ಲಿ ಕೊಡುವ, ಹತ್ತು ಅಂಕಿಯಿರುವ ಸಣ್ಣ ಚೀಟಿಯನ್ನು ಬಿಸಾಡಬೇಡಿ, ಬ್ಯಾಗಿನ ಗುರುತು ಅದೇ. ಪೆಟ್ಟಿಗೆ ಬೆಲ್ಟಿನ ಮೇಲೆ ಬಾರದಿದ್ದರೆ ಅಥವಾ ಒಡೆದು ಬಂದರೆ ಹೊರಗೆ ಹೋಗುವ ಮುಂಚೆಯೇ ಕಂಪನಿಯ ಲಗೇಜು ಮೇಜಿನಲ್ಲಿ ದೂರು ಬರೆಸಿ ಅದರ ಸಂಖ್ಯೆ ತೆಗೆದುಕೊಳ್ಳಿ. 1999ರ ಮಾಂಟ್ರಿಯಲ್ ಒಪ್ಪಂದದಡಿಯ ಅಂತರರಾಷ್ಟ್ರೀಯ ಪ್ರಯಾಣಗಳಲ್ಲಿ, ಹಾನಿಯಾಗಿದ್ದರೆ ಬ್ಯಾಗು ಸಿಕ್ಕ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನದೊಳಗೆ ಲಿಖಿತವಾಗಿ ಕೇಳಬೇಕು. 21 ದಿನವಾದರೂ ಬಾರದಿದ್ದರೆ ಅದನ್ನು ಕಳೆದುಹೋದದ್ದೆಂದು ಪರಿಗಣಿಸಬಹುದು. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಇದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಅದು ಗರಿಷ್ಠ ಮಿತಿಯೇ ಹೊರತು ಎಲ್ಲರಿಗೂ ಸಿಗುವ ಮೊತ್ತವಲ್ಲ, ನಷ್ಟ ತೋರಿಸಲು ಬಿಲ್ಲು ಬೇಕು. ಅದಕ್ಕಿಂತ ಬೆಲೆಬಾಳುವ ಸಾಮಾನನ್ನು ಚೆಕ್-ಇನ್ ಬ್ಯಾಗಿನಲ್ಲಿ ಕಳಿಸಲೇಬೇಕಾದರೆ ಕೌಂಟರಿನಲ್ಲೇ ಮೌಲ್ಯ ಘೋಷಿಸಿ, ಕೇಳಿದರೆ ಹೆಚ್ಚಿನ ಶುಲ್ಕ ಕಟ್ಟಿ, ರಸೀದಿ ಪಡೆಯಿರಿ.